ಜನಮತಗಣನೆ: ಕೇಳುವವರು ಯಾರು, ಎಣಿಸುವವರು ಯಾರು?

(ಕನ್ನಡ ಮಾಧ್ಯಮ ಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಪ್ರಜಾಪ್ರಭುತ್ವದಲ್ಲಿ ಪ್ರಜೆಗಳೇ ಪ್ರಭುಗಳು ಎಂಬ ಮಾತು ನಾಗರಿಕಶಾಸ್ತ್ರದ ಪಾಠಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ಒಳನಾಡಿನ ಶಾಲೆಗಳಲ್ಲಿ ಈ ಮಾತು ಪರೀಕ್ಷೆಯ ಉತ್ತರವಾಗಿ ಮುಗಿದುಹೋಗುತ್ತದೆ. ದಕ್ಷಿಣ ಸೋಲಾಪುರ ತಾಲ್ಲೂಕಿನ ಕಂದಲಗಾಂವದಂತಹ ಊರುಗಳ ಶಾಲೆಗಳಲ್ಲಿ, ಅಕ್ಕಲಕೋಟೆ ಮತ್ತು ಜತ್ತ ಸೀಮೆಯ ಶಾಲೆಗಳಲ್ಲಿ, ಅದು ಪ್ರಶ್ನೆಯಾಗಿ ಮರಳಿ ಬರುತ್ತದೆ. ‘ಪ್ರಜೆಗಳೇ ಪ್ರಭುಗಳಾದರೆ, ಊರು ಯಾವ ರಾಜ್ಯದಲ್ಲಿರಬೇಕೆಂದು ಊರಿನವರನ್ನೇ ಏಕೆ ಕೇಳಲಿಲ್ಲ?’ ಮನೆಯಲ್ಲಿ ಕನ್ನಡ, ತಹಶೀಲ ಕಚೇರಿಯಲ್ಲಿ ಮರಾಠಿ, ಭೀಮೆಯ ಆಚೆ ದಂಡೆಯಲ್ಲಿ ಸೋದರಮಾವನ ಊರು ಇರುವ ಮಗುವಿಗೆ ಈ ಪ್ರಶ್ನೆ ಏಳುವುದು ಸಹಜ. ಅದನ್ನು ಗದರಿಸಿ ಸುಮ್ಮನಾಗಿಸುವುದು ಶಿಕ್ಷಕನ ಕೆಲಸವಲ್ಲ. ಯಾವುದೋ ಒಂದು ಪಕ್ಷದ ಘೋಷಣೆಯನ್ನು ಉತ್ತರವಾಗಿ ಕೊಡುವುದೂ ಅವನ ಕೆಲಸವಲ್ಲ.

2022ರ ಕೊನೆಯ ತಿಂಗಳುಗಳಲ್ಲಿ ಈ ಪ್ರಶ್ನೆ ಊರಿನ ಕಟ್ಟೆಯಿಂದ ಪತ್ರಿಕೆಗಳ ಮುಖಪುಟಕ್ಕೆ ಏರಿತು. ಜತ್ತ ತಾಲ್ಲೂಕಿನ ಗ್ರಾಮ ಪಂಚಾಯತಿಗಳು ಹಿಂದೆ ಮಾಡಿದ್ದ ಠರಾವುಗಳನ್ನು ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಪ್ರಸ್ತಾಪಿಸಿದರು. ಅಕ್ಕಲಕೋಟೆ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯತಿಗಳು ಕರ್ನಾಟಕಕ್ಕೆ ಸೇರಲು ಬಯಸಿ ಠರಾವು ಮಾಡಿದ ಸುದ್ದಿ ಬಂದಿತು. ಆ ಊರುಗಳವರು ಮುಂದಿಟ್ಟ ದೂರುಗಳಲ್ಲಿ ಭಾಷೆಗಿಂತ ಮೊದಲು ರಸ್ತೆ, ನೀರು, ವಿದ್ಯುತ್ತು ಇದ್ದವು. ಅದೇ ಡಿಸೆಂಬರ್ 22ರಂದು ಕರ್ನಾಟಕದ ವಿಧಾನಮಂಡಲವೂ 27ರಂದು ಮಹಾರಾಷ್ಟ್ರದ ವಿಧಾನಮಂಡಲವೂ ಗಡಿಯ ಬಗ್ಗೆ ತಮ್ಮ ತಮ್ಮ ನಿರ್ಣಯಗಳನ್ನು ಅಂಗೀಕರಿಸಿದವು. ಹೀಗೆ ಒಂದೇ ತಿಂಗಳೊಳಗೆ ಪಂಚಾಯತಿಯ ಠರಾವು, ಶಾಸನಸಭೆಯ ನಿರ್ಣಯ, ಜನರ ಇಚ್ಛೆ ಎಂಬ ಮೂರು ಮಾತುಗಳು ಮಕ್ಕಳ ಕಿವಿಗೆ ಬಿದ್ದವು. ಮೂರೂ ಒಂದೇ ಅಲ್ಲ. ಅವುಗಳ ಭೇದವನ್ನು ತಿಳಿಸಬೇಕಾದರೆ, ಸರ್ಕಾರಗಳು ಜನರನ್ನು ನೇರವಾಗಿ ಕೇಳುವ ಪದ್ಧತಿಯನ್ನು ಎಲ್ಲಿ, ಯಾವಾಗ, ಯಾವ ಉದ್ದೇಶದಿಂದ ಬಳಸಿವೆ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಪದಗಳ ವಿಚಾರ

ಕನ್ನಡದಲ್ಲಿ ‘ಜನಮತಗಣನೆ’, ‘ಜನಾಭಿಪ್ರಾಯ ಸಂಗ್ರಹ’ ಎಂಬ ಪದಗಳಿವೆ. ಮರಾಠಿಯಲ್ಲಿ ‘ಸಾರ್ವಮತ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ರೆಫರೆಂಡಮ್, ಪ್ಲೆಬಿಸೈಟ್ ಎಂದು ಎರಡು ಪದಗಳು. ಇವೆರಡರ ನಡುವಿನ ಗೆರೆ ಎಲ್ಲ ದೇಶಗಳಲ್ಲಿಯೂ ಒಂದೇ ರೀತಿ ಇಲ್ಲವಾದರೂ ತರಗತಿಗೆ ಒಂದು ವಿಂಗಡಣೆ ಸಾಕು. ಒಂದು ಕಾನೂನನ್ನೋ ಸಂವಿಧಾನದ ತಿದ್ದುಪಡಿಯನ್ನೋ ಜನರ ಮುಂದಿಟ್ಟು, ಕಾನೂನಿನಲ್ಲಿ ಮೊದಲೇ ಹೇಳಿದ ವಿಧಾನದಂತೆ ಒಪ್ಪಿಗೆ ಪಡೆಯುವುದು ರೆಫರೆಂಡಮ್. ಒಂದು ಪ್ರದೇಶ ಯಾರಿಗೆ ಸೇರಬೇಕು, ಒಬ್ಬ ಆಳರಸ ಉಳಿಯಬೇಕೋ ಬೇಡವೋ ಎಂಬಂತಹ ಪ್ರಶ್ನೆಯನ್ನು ಒಂದು ಸಂದರ್ಭಕ್ಕಾಗಿ ಮಾತ್ರ ಜನರ ಮುಂದಿಡುವುದು ಪ್ಲೆಬಿಸೈಟ್. ಮೊದಲನೆಯದು ಆಡಳಿತದ ರೂಢಿ, ಎರಡನೆಯದು ಸಂಕಟಕಾಲದ ಸಾಧನ.

ಚುನಾವಣೆಗೂ ಇದಕ್ಕೂ ಇರುವ ವ್ಯತ್ಯಾಸವನ್ನೂ ಮಕ್ಕಳಿಗೆ ಹೇಳಬೇಕು. ಚುನಾವಣೆಯಲ್ಲಿ ಪ್ರತಿನಿಧಿಯನ್ನು ಆರಿಸಲಾಗುತ್ತದೆ; ಐದು ವರ್ಷಗಳ ನಂತರ ಅವನನ್ನು ಬದಲಿಸಬಹುದು. ಜನಮತಗಣನೆಯಲ್ಲಿ ಒಂದು ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಉತ್ತರಿಸಲಾಗುತ್ತದೆ. ಆ ಉತ್ತರವನ್ನು ಹಿಂತೆಗೆದುಕೊಳ್ಳುವ ಅವಕಾಶ ಅನೇಕ ಸಲ ಬರುವುದೇ ಇಲ್ಲ.

ಆದುದರಿಂದ ಯಾವುದೇ ಜನಮತಗಣನೆಯ ಸುದ್ದಿ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸುವುದು ಒಳ್ಳೆಯದು. ಪ್ರಶ್ನೆಯನ್ನು ರಚಿಸಿದವರು ಯಾರು? ಮತ ಹಾಕುವ ಹಕ್ಕು ಯಾರಿಗೆ? ಮತಗಳನ್ನು ಯಾವ ಘಟಕದಲ್ಲಿ, ಅಂದರೆ ಊರಿನಲ್ಲೋ ತಾಲ್ಲೂಕಿನಲ್ಲೋ ರಾಜ್ಯದಲ್ಲೋ, ಎಣಿಸಲಾಗುತ್ತದೆ? ಸೋತವರ ಗತಿ ಏನು?

ಭಾರತದ ಅನುಭವ

ಭಾರತದಲ್ಲಿ ಜನಮತಗಣನೆ ನಡೆದೇ ಇಲ್ಲ ಎಂಬ ಗ್ರಹಿಕೆ ಸರಿಯಲ್ಲ. ಸ್ವಾತಂತ್ರ್ಯದ ಹೊಸ್ತಿಲಲ್ಲಿಯೇ, 1947ರ ಜುಲೈಯಲ್ಲಿ, ಅಸ್ಸಾಮಿನ ಸಿಲ್ಹೆಟ್ ಜಿಲ್ಲೆಯಲ್ಲಿಯೂ ವಾಯವ್ಯ ಗಡಿ ಪ್ರಾಂತದಲ್ಲಿಯೂ ಜನಮತಗಣನೆಗಳು ನಡೆದವು. ವಾಯವ್ಯ ಗಡಿ ಪ್ರಾಂತದಲ್ಲಿ ಭಾರತ ಅಥವಾ ಪಾಕಿಸ್ತಾನ ಎಂಬ ಎರಡೇ ಆಯ್ಕೆಗಳಿದ್ದವು. ಪಠಾಣರ ಸ್ವತಂತ್ರ ನಾಡು ಎಂಬ ಮೂರನೆಯ ಆಯ್ಕೆ ಇಲ್ಲವೆಂದು ಖಾನ್ ಅಬ್ದುಲ್ ಗಫಾರ್ ಖಾನರ ಅನುಯಾಯಿಗಳು ಮತದಾನವನ್ನೇ ಬಹಿಷ್ಕರಿಸಿದರು. ಮತಪೆಟ್ಟಿಗೆಯ ಫಲಿತಾಂಶ ಮತಪತ್ರಿಕೆಯನ್ನು ಅಚ್ಚು ಹಾಕುವಾಗಲೇ ಬಹುಮಟ್ಟಿಗೆ ನಿಶ್ಚಯವಾಗಿಬಿಡಬಹುದು ಎಂಬುದಕ್ಕೆ ಇದು ಮೊದಲ ಪಾಠ.

ಜುನಾಗಢದ ನವಾಬನು ಪಾಕಿಸ್ತಾನಕ್ಕೆ ಸೇರುವುದಾಗಿ ಘೋಷಿಸಿ, ಪರಿಸ್ಥಿತಿ ಕೈಮೀರಿದಾಗ ಸಂಸ್ಥಾನವನ್ನು ಬಿಟ್ಟು ಹೋದನು. 1947ರ ನವೆಂಬರಿನಲ್ಲಿ ಭಾರತವು ಅಲ್ಲಿನ ಆಡಳಿತವನ್ನು ವಹಿಸಿಕೊಂಡಿತು. ಮತದಾನ ನಡೆದದ್ದು 1948ರ ಫೆಬ್ರವರಿಯಲ್ಲಿ. ಸುಮಾರು 1,90,000 ಮತಗಳಲ್ಲಿ ಪಾಕಿಸ್ತಾನಕ್ಕೆ ಬಿದ್ದವು 91 ಮಾತ್ರ. 1975ರ ಏಪ್ರಿಲ್ 14ರಂದು ಸಿಕ್ಕಿಮಿನಲ್ಲಿ ಅರಸೊತ್ತಿಗೆಯನ್ನು ರದ್ದುಪಡಿಸಿ ಭಾರತದ ಘಟಕವಾಗುವ ಪ್ರಶ್ನೆಗೆ 59,637 ಮತಗಳು ಪರವಾಗಿಯೂ 1,496 ವಿರೋಧವಾಗಿಯೂ ಬಂದವು. ಮೇ 16ರಂದು ಅದು ರಾಜ್ಯವಾಯಿತು. ಈ ಎರಡು ಕಡೆಗಳಲ್ಲಿಯೂ ತೀರ್ಮಾನದ ದಿಕ್ಕು ಮತದಾನಕ್ಕಿಂತ ಮೊದಲೇ ಸ್ಪಷ್ಟವಾಗಿತ್ತು. ಮತದಾನವು ಅದಕ್ಕೆ ಜನರ ಮುದ್ರೆಯನ್ನು ಒತ್ತಿತು. ಸಿಕ್ಕಿಮಿನಲ್ಲಿ ಎರಡು ವಿಷಯಗಳನ್ನು ಒಂದೇ ಪ್ರಶ್ನೆಯಲ್ಲಿ ಕೂಡಿಸಲಾಗಿತ್ತು. ಅರಸ ಬೇಡ, ಆದರೆ ವಿಲೀನವೂ ಬೇಡ ಎನ್ನುವವನಿಗೆ ಪ್ರತ್ಯೇಕ ಪೆಟ್ಟಿಗೆ ಇರಲಿಲ್ಲ.

ಗೋವೆಯ ಕಥೆ ಬೇರೆ. ಗಡಿಭಾಗದ ಶಿಕ್ಷಕರು ವಿಶೇಷವಾಗಿ ತಿಳಿಯಬೇಕಾದ ಉದಾಹರಣೆ ಅದು. 1961ರಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾದ ಗೋವೆಯನ್ನು ಮಹಾರಾಷ್ಟ್ರದಲ್ಲಿ ವಿಲೀನಗೊಳಿಸಬೇಕೆಂದು ಆಡಳಿತಾರೂಢ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಕೇಳಿತು. ಯುನೈಟೆಡ್ ಗೋವನ್ಸ್ ಪಕ್ಷ ಬೇಡವೆಂದಿತು. ಕೊಂಕಣಿ ಮರಾಠಿಯ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ವಾದವೂ ಇದರೊಡನೆ ಹೆಣೆದುಕೊಂಡಿತ್ತು. ಶಾಸನಸಭೆಯಲ್ಲಿ ಬಹುಮತವಿದ್ದ ಪಕ್ಷದ ನಿರ್ಣಯದಿಂದಲೇ ತೀರ್ಮಾನವಾಗಲಿ ಎಂಬ ಮಾತನ್ನು ಕೇಂದ್ರ ಸರ್ಕಾರ ಒಪ್ಪಲಿಲ್ಲ. ಸಂಸತ್ತು 1966ರಲ್ಲಿ ಇದಕ್ಕೆಂದೇ ಒಂದು ಕಾಯಿದೆಯನ್ನು ಮಾಡಿತು. ಮತದಾನ ನಿಷ್ಪಕ್ಷಪಾತವಾಗಿ ನಡೆಯಲೆಂದು ದಯಾನಂದ ಬಾಂದೋಡಕರರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. 1967ರ ಜನವರಿ 16ರಂದು, ವಿಲೀನಕ್ಕೆ ಹೂವಿನ ಗುರುತು, ಪ್ರತ್ಯೇಕವಾಗಿ ಉಳಿಯಲು ಎರಡು ಎಲೆಗಳ ಗುರುತು ಇಟ್ಟು ಮತದಾನ ನಡೆಯಿತು. ಪ್ರತ್ಯೇಕತೆಗೆ 1,72,191, ವಿಲೀನಕ್ಕೆ 1,38,170 ಮತಗಳು ಬಂದವು. ಅಂತರ 34,021.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ವಿಲೀನವಾದಿ ಪಕ್ಷವನ್ನು ಅಧಿಕಾರಕ್ಕೆ ತಂದ ಮತದಾರರೇ ವಿಲೀನದ ಪ್ರಶ್ನೆಯನ್ನು ಬೇರೆಯಾಗಿ ಕೇಳಿದಾಗ ಬೇರೆ ಉತ್ತರ ಕೊಟ್ಟರು. ಮತ್ತೆ ಕೆಲವೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಅದೇ ಪಕ್ಷಕ್ಕೆ ಅಧಿಕಾರವನ್ನು ಮರಳಿ ಕೊಟ್ಟರು. ಪಕ್ಷಕ್ಕೆ ಮತ ಹಾಕುವುದೆಂದರೆ ಅದರ ಎಲ್ಲ ಬೇಡಿಕೆಗಳಿಗೆ ಮತ ಹಾಕುವುದಲ್ಲ. ಎರಡನೆಯದು, ರಾಜ್ಯದ ಸ್ಥಾನಮಾನ ಎಂಬ ಮೂರನೆಯ ಆಯ್ಕೆ ಅಂದು ಮತಪತ್ರಿಕೆಯಲ್ಲಿ ಇರಲಿಲ್ಲ. ಅದು ದೊರೆತದ್ದು 20 ವರ್ಷಗಳ ನಂತರ, 1987ರ ಮೇ 30ರಂದು.

ಗಡಿಯ ಊರುಗಳನ್ನು ಏಕೆ ಕೇಳಲಿಲ್ಲ?

ಗೋವೆಯನ್ನು ಕೇಳಿದ ಸರ್ಕಾರ ಸೋಲಾಪುರ, ಅಕ್ಕಲಕೋಟೆ, ಬೆಳಗಾವಿ, ಕಾಸರಗೋಡುಗಳನ್ನು ಏಕೆ ಕೇಳಲಿಲ್ಲ? ಮಗುವಿನ ಪ್ರಶ್ನೆಯ ತಿರುಳು ಇದೇ.

1953ರಲ್ಲಿ ಫಜಲ್ ಅಲಿ, ಕೆ. ಎಂ. ಪಣಿಕ್ಕರ್, ಹೃದಯನಾಥ ಕುಂಜ್ರು ಇವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಅದು 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಮನವಿಗಳನ್ನು ಸ್ವೀಕರಿಸಿತು, ಊರೂರು ಸುತ್ತಿ ಸಾಕ್ಷ್ಯಗಳನ್ನು ಕೇಳಿತು. ಆದರೆ ಮತದಾನ ನಡೆಸಲಿಲ್ಲ. ಭಾಷೆಯೊಂದನ್ನೇ ಅಳತೆಗೋಲಾಗಿ ಹಿಡಿಯದೆ ದೇಶದ ಏಕತೆ, ಆಡಳಿತದ ಅನುಕೂಲ, ಆರ್ಥಿಕ ಸಂಬಂಧಗಳನ್ನೂ ತೂಗಬೇಕೆಂಬುದು ಅದರ ನಿಲುವು. ಗಡಿಯನ್ನು ಎಳೆಯುವಾಗ ಒಟ್ಟಿನಲ್ಲಿ ಜಿಲ್ಲೆಯನ್ನು ಘಟಕವಾಗಿ ಹಿಡಿಯಿತು. ವಿಭಜನೆಯ ರಕ್ತಪಾತ ನಡೆದು ಇನ್ನೂ ಹತ್ತು ವರ್ಷ ಕಳೆದಿರಲಿಲ್ಲ ಎಂಬುದನ್ನೂ ಮರೆಯಲಾಗದು. 1956ರ ನವೆಂಬರ್ 1ರಂದು ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದಾಗ ಸೋಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾಯಿತು.

ಮಹಾರಾಷ್ಟ್ರ ಸರ್ಕಾರ ಈ ಗಡಿಯನ್ನು ಪ್ರಶ್ನಿಸುವಾಗ ಹಳ್ಳಿಯೇ ಘಟಕ, ಭೌಗೋಳಿಕ ಸಾಮೀಪ್ಯ, ಭಾಷಿಕ ಬಹುಮತ, ಜನರ ಇಚ್ಛೆ ಎಂಬ ತತ್ತ್ವಗಳನ್ನು ಮುಂದಿಟ್ಟಿತು. ಸೇನಾಪತಿ ಬಾಪಟರ ಉಪವಾಸದ ನಂತರ, 1966ರ ಅಕ್ಟೋಬರಿನಲ್ಲಿ, ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಏಕಸದಸ್ಯ ಆಯೋಗವನ್ನು ನೇಮಿಸಿತು. 1967ರ ಆಗಸ್ಟಿನಲ್ಲಿ ಬಂದ ವರದಿ ಬೆಳಗಾವಿ ನಗರ ಮೈಸೂರಿನಲ್ಲಿಯೇ ಉಳಿಯಲೆಂದಿತು. ನಿಪ್ಪಾಣಿ, ಖಾನಾಪುರಗಳ ಭಾಗಗಳೂ ಸೇರಿ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಲೆಂದಿತು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಊರುಗಳೂ ಸೇರಿ 247 ಹಳ್ಳಿಗಳು ಮೈಸೂರಿಗೆ ಬರಲೆಂದಿತು. ಚಂದ್ರಗಿರಿ ನದಿಯ ಉತ್ತರದ ಕಾಸರಗೋಡನ್ನೂ ಮೈಸೂರಿಗೆ ಸೂಚಿಸಿತು. ಮಹಾರಾಷ್ಟ್ರ ಇದನ್ನು ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ, ಮೈಸೂರು ವರದಿ ಇದ್ದಂತೆಯೇ ಜಾರಿಯಾಗಲೆಂದಿತು. ಸಂಸತ್ತು ಯಾವ ಕಾನೂನನ್ನೂ ಮಾಡಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿತು.

ಗೋವೆಯ ಮತದಾನ ನಡೆದದ್ದೂ ಮಹಾಜನ ಆಯೋಗ ಸಾಕ್ಷ್ಯ ಕೇಳಿದ್ದೂ ಒಂದೇ ವರ್ಷದಲ್ಲಿ. ಒಂದೆಡೆ ಮತಪೆಟ್ಟಿಗೆ, ಇನ್ನೊಂದೆಡೆ ನ್ಯಾಯಮೂರ್ತಿಯ ಲೇಖನಿ. ಈ ಭೇದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಗೋವೆ ಒಂದೇ ಆಡಳಿತ ಘಟಕ. ಅದರ ಮೇರೆಗಳ ಬಗ್ಗೆ ವಾದವಿರಲಿಲ್ಲ. ಪ್ರಶ್ನೆ ಒಂದೇ ಆಗಿತ್ತು. ಗಡಿಸೀಮೆಯಲ್ಲಿ ಘಟಕ ಯಾವುದು ಎಂಬುದೇ ವಾದದ ವಿಷಯ. ಜಿಲ್ಲೆಯನ್ನು ಹಿಡಿದರೆ ಒಂದು ಉತ್ತರ, ತಾಲ್ಲೂಕನ್ನು ಹಿಡಿದರೆ ಇನ್ನೊಂದು, ಹಳ್ಳಿಯನ್ನು ಹಿಡಿದರೆ ಮತ್ತೊಂದು. ಕೇಳುವುದಕ್ಕಿಂತ ಮೊದಲೇ ‘ಜನ’ ಎಂದರೆ ಯಾರು ಎಂದು ಯಾರೋ ಒಬ್ಬರು ತೀರ್ಮಾನಿಸಬೇಕಾಗುತ್ತದೆ; ಆ ತೀರ್ಮಾನವನ್ನು ಜನಮತದಿಂದ ಪಡೆಯಲು ಸಾಧ್ಯವಿಲ್ಲ.

ಸಂವಿಧಾನದ ಮಾತು

ಭಾರತ ಸಂವಿಧಾನದಲ್ಲಿ ಜನಮತಗಣನೆಗೆ ಸಾಮಾನ್ಯ ಏರ್ಪಾಡು ಇಲ್ಲ. ರಾಜ್ಯಗಳ ಮೇರೆಗಳನ್ನು ಬದಲಿಸುವ ಅಧಿಕಾರವನ್ನು 3ನೆಯ ಅನುಚ್ಛೇದ ಸಂಸತ್ತಿಗೆ ಕೊಟ್ಟಿದೆ. ರಾಷ್ಟ್ರಪತಿಗಳ ಶಿಫಾರಸಿನ ಮೇಲೆ ಮಸೂದೆ ಮಂಡನೆಯಾಗಬೇಕು. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಗೊತ್ತುಪಡಿಸಿದ ಅವಧಿಯೊಳಗೆ ಕೇಳಬೇಕು. ಕೇಳಬೇಕೇ ಹೊರತು ಆ ಅಭಿಪ್ರಾಯಕ್ಕೆ ಸಂಸತ್ತು ಬದ್ಧವಲ್ಲವೆಂದು ಬಾಬುಲಾಲ ಪರಾಟೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆ ಪ್ರಕರಣ ಹುಟ್ಟಿದ್ದು ದ್ವಿಭಾಷಾ ಮುಂಬಯಿ ರಾಜ್ಯದ ರಚನೆಯಿಂದಲೇ. 2014ರ ಜನವರಿಯಲ್ಲಿ ಆಂಧ್ರ ಪ್ರದೇಶದ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿದರೂ ಫೆಬ್ರವರಿಯಲ್ಲಿ ಸಂಸತ್ತು ಅದನ್ನು ಅಂಗೀಕರಿಸಿತು. ಜೂನ್ 2ರಂದು ತೆಲಂಗಾಣ ಹುಟ್ಟಿತು.

ಇದರಿಂದ ಮಗುವಿನ ಪ್ರಶ್ನೆಯ ಒಂದು ಭಾಗಕ್ಕೆ ಉತ್ತರ ಸಿಗುತ್ತದೆ. ಗ್ರಾಮ ಪಂಚಾಯತಿಯ ಠರಾವಿನಿಂದ ಗಡಿ ಬದಲಾಗದು. ವಿಧಾನಮಂಡಲದ ನಿರ್ಣಯದಿಂದಲೂ ಬದಲಾಗದು. ಆದರೆ ಠರಾವು ನಿರರ್ಥಕವೂ ಅಲ್ಲ. ಅದು ತೀರ್ಪಲ್ಲ, ಮನವಿ. ರಸ್ತೆಯಿಲ್ಲ, ನೀರಿಲ್ಲ ಎಂದು ವರ್ಷಗಟ್ಟಲೆ ಕೊಟ್ಟ ಅರ್ಜಿಗೆ ಬಾರದ ಉತ್ತರ ಒಂದು ಗಡಿ ಠರಾವಿಗೆ ಬರುವುದಾದರೆ, ಊರಿನವರು ಆ ಭಾಷೆಯನ್ನೇ ಬಳಸುತ್ತಾರೆ. ಇಂತಹ ಠರಾವನ್ನು ಓದುವ ಸರ್ಕಾರ ಕೊನೆಯ ಸಾಲನ್ನಷ್ಟೇ ಅಲ್ಲದೆ ಮೇಲಿನ ಸಾಲುಗಳನ್ನೂ ಓದಬೇಕಾಗುತ್ತದೆ.

ಹೊರನಾಡುಗಳ ಎರಡು ಗಡಿಗಳು

ಭಾಷೆಯ ಗಡಿಯಲ್ಲಿ ಜನರನ್ನು ಕೇಳಿದ ನಾಡುಗಳೂ ಇವೆ. ಅವುಗಳಲ್ಲಿ ಎರಡು ಗಡಿಭಾಗದ ಶಿಕ್ಷಕರಿಗೆ ಬಹಳ ಉಪಯುಕ್ತ.

ಮೊದಲನೆಯ ಮಹಾಯುದ್ಧದ ನಂತರ ಆಸ್ಟ್ರಿಯಾದ ಕಾರಿಂಥಿಯಾ ಪ್ರಾಂತದ ದಕ್ಷಿಣ ಭಾಗವನ್ನು ಹೊಸ ಯುಗೊಸ್ಲಾವಿಯಾ ಕೇಳಿತು. ಅಲ್ಲಿನ ಬಹುಸಂಖ್ಯಾತರ ಮನೆಮಾತು ಸ್ಲೊವೀನ್. 1920ರ ಅಕ್ಟೋಬರ್ 10ರಂದು ಮತದಾನ ನಡೆದಾಗ ನೂರಕ್ಕೆ 59ರಷ್ಟು ಮತಗಳು ಆಸ್ಟ್ರಿಯಾಕ್ಕೆ ಬಿದ್ದವು. ಅಂದರೆ ಸ್ಲೊವೀನ್ ಮಾತನಾಡುವವರಲ್ಲಿಯೂ ಅನೇಕರು ಜರ್ಮನ್ ಭಾಷೆಯ ದೇಶವನ್ನೇ ಆರಿಸಿಕೊಂಡರು. ಅವರ ಸಂತೆ, ವ್ಯಾಪಾರ, ದಾರಿಗಳೆಲ್ಲ ಕ್ಲಾಗೆನ್‌ಫುರ್ಟ್ ಪಟ್ಟಣದ ಕಡೆಗಿದ್ದವು, ನಡುವೆ ಪರ್ವತಗಳಿದ್ದವು. ಮನೆಮಾತಿನಿಂದ ಮನಸ್ಸನ್ನು ಲೆಕ್ಕ ಹಾಕಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಸೋಲಾಪುರದ ಪೇಟೆಯಲ್ಲಿ ಮಾಲು ಮಾರಿ, ಅಲ್ಲಿಯೇ ಆಸ್ಪತ್ರೆಗೆ ಹೋಗಿ, ಮನೆಯಲ್ಲಿ ಕನ್ನಡ ಮಾತಾಡುವ ಕುಟುಂಬಕ್ಕೆ ಈ ಸಂಗತಿಯನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ.

ಆದರೆ ಮತದಾನದ ನಂತರದ ಕಥೆಯೂ ಇದೆ. ಉಳಿದುಕೊಂಡ ಸ್ಲೊವೀನರ ಭಾಷಾ ಹಕ್ಕುಗಳು ಬಹುಕಾಲ ಕಾಗದದಲ್ಲಿಯೇ ಇದ್ದವು. 1955ರ ಒಪ್ಪಂದದಲ್ಲಿ ಆ ಹಕ್ಕುಗಳನ್ನು ಬರೆಯಲಾಯಿತು. 1972ರಲ್ಲಿ ಎರಡು ಭಾಷೆಗಳ ಊರಫಲಕಗಳನ್ನು ನೆಟ್ಟಾಗ ಗುಂಪುಗಳು ಅವುಗಳನ್ನು ಕಿತ್ತೊಗೆದವು. ಫಲಕಗಳ ವಿವಾದ ಒಪ್ಪಂದಕ್ಕೆ ಬಂದದ್ದು 2011ರಲ್ಲಿ, ಮತದಾನವಾಗಿ 91 ವರ್ಷಗಳ ಮೇಲೆ.

ಎರಡನೆಯದು ಸ್ವಿಟ್ಜರ್ಲೆಂಡಿನ ಯುರಾ. ಅಲ್ಲಿ ಜನಮತಗಣನೆ ದಿನನಿತ್ಯದ ಆಡಳಿತದ ಅಂಗ. ಸಂಸತ್ತು ಮಾಡಿದ ಕಾನೂನನ್ನು ಪ್ರಶ್ನಿಸಿ 100 ದಿನಗಳೊಳಗೆ 50,000 ಸಹಿಗಳನ್ನು ಕೂಡಿಸಿದರೆ ಅದು ಜನರ ಮುಂದೆ ಹೋಗಲೇಬೇಕು. ಜರ್ಮನ್ ಬಹುಸಂಖ್ಯಾತರ ಬರ್ನ್ ಪ್ರಾಂತದಲ್ಲಿ ಸಿಲುಕಿದ್ದ ಫ್ರೆಂಚ್ ಭಾಷೆಯ ಯುರಾ ಪ್ರದೇಶ ತನ್ನದೇ ಪ್ರಾಂತವನ್ನು ಕೇಳಿತು. 1974ರಲ್ಲಿ ಇಡೀ ಪ್ರದೇಶದ ಮತದಾನ, 1975ರಲ್ಲಿ ಜಿಲ್ಲೆಗಳ ಮತದಾನ, ಅನಂತರ ಗಡಿಯ ಊರುಗಳ ಮತದಾನ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೇಳಲಾಯಿತು. ದಕ್ಷಿಣದ ಫ್ರೆಂಚ್ ಜಿಲ್ಲೆಗಳು ಬರ್ನಿನಲ್ಲಿಯೇ ಉಳಿದವು. 1978ರಲ್ಲಿ ಇಡೀ ದೇಶದ ಮತದಾರರು ಒಪ್ಪಿದ ಮೇಲೆ 1979ರ ಜನವರಿ 1ರಂದು ಯುರಾ ಪ್ರಾಂತ ಜನಿಸಿತು. ಮೂತಿಯೆ ಎಂಬ ಒಂದು ಪಟ್ಟಣ ಮಾತ್ರ ಇತ್ಯರ್ಥವಾಗದೆ ಉಳಿಯಿತು. 2017ರಲ್ಲಿ ಅಲ್ಲಿ ನಡೆದ ಮತದಾನ ಅಕ್ರಮಗಳ ಕಾರಣದಿಂದ ರದ್ದಾಯಿತು. 2021ರ ಮಾರ್ಚ್ 28ರಂದು ಮತ್ತೆ ನಡೆಯಿತು. ಊರು ಯುರಾಕ್ಕೆ ಸೇರಲು 2026ರ ಜನವರಿ 1ನ್ನು ಗೊತ್ತುಪಡಿಸಲಾಯಿತು. ಒಂದು ಪಟ್ಟಣದ ಮಟ್ಟಿಗೆ ಅರ್ಧ ಶತಮಾನ. ಜನರನ್ನು ಕೇಳುವುದು ಸುಲಭದ ದಾರಿ ಎಂದು ಭಾವಿಸುವವರು ಈ ಕಾಲಾವಧಿಯನ್ನು ನೆನಪಿಡಬೇಕು. ಅಷ್ಟು ತಾಳ್ಮೆಯಿಂದ ಕೇಳಿದರೆ ಗಡಿಯೂ ಶಾಂತಿಯಿಂದ ಸರಿಯಬಹುದು ಎಂಬುದನ್ನೂ ನೆನಪಿಡಬೇಕು.

ಬಹುಮತಕ್ಕೆ ಒಪ್ಪಿಸಬಾರದ ವಿಷಯಗಳು

ಇದೇ ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೊಡಬೇಕೇ ಎಂಬ ಪ್ರಶ್ನೆಯನ್ನು 1959ರಲ್ಲಿ ಗಂಡಸರಿಗೆ ಮಾತ್ರ ಕೇಳಲಾಯಿತು, ಅವರು ಬೇಡವೆಂದರು. ರಾಷ್ಟ್ರಮಟ್ಟದಲ್ಲಿ ಆ ಹಕ್ಕು ದೊರೆತದ್ದು 1971ರಲ್ಲಿ. 2009ರಲ್ಲಿ ಹೊಸ ಮಸೀದಿಗಳಿಗೆ ಮಿನಾರು ಕಟ್ಟುವುದನ್ನು ನಿಷೇಧಿಸುವ ಪ್ರಸ್ತಾಪ ಶೇಕಡ 57.5 ಮತಗಳಿಂದ ಗೆದ್ದಿತು. ಹಕ್ಕು ಯಾರದ್ದೋ ಅವರ ಕೈಯಲ್ಲಿ ಮತ ಇಲ್ಲದಾಗ, ಅಥವಾ ಇದ್ದರೂ ಸಂಖ್ಯೆ ಇಲ್ಲದಾಗ, ಜನಮತಗಣನೆ ಹೇಗೆ ವರ್ತಿಸಬಹುದೆಂಬುದಕ್ಕೆ ಇವು ಉದಾಹರಣೆಗಳು.

ಅಲ್ಪಸಂಖ್ಯಾತ ಭಾಷೆಯ ಶಾಲೆಯಲ್ಲಿ ಕಲಿಸುವ ಶಿಕ್ಷಕರಿಗೆ ಇದು ತಮ್ಮ ಮನೆಯ ಮಾತು. ‘ರಾಜ್ಯದ ಖರ್ಚಿನಲ್ಲಿ ಕನ್ನಡ ಶಾಲೆಗಳು ನಡೆಯಬೇಕೇ?’ ಎಂದು ಇಡೀ ಮಹಾರಾಷ್ಟ್ರದಲ್ಲಿ ಮತಕ್ಕೆ ಹಾಕಿದರೆ, ‘ಮರಾಠಿ ಶಾಲೆಗಳು ನಡೆಯಬೇಕೇ?’ ಎಂದು ಇಡೀ ಕರ್ನಾಟಕದಲ್ಲಿ ಮತಕ್ಕೆ ಹಾಕಿದರೆ, ಉತ್ತರವನ್ನು ಬರೆಯುವವರು ಆ ಶಾಲೆಗಳಲ್ಲಿ ಮಕ್ಕಳನ್ನು ಓದಿಸುವವರಲ್ಲ. ಅದಕ್ಕಾಗಿಯೇ ಸಂವಿಧಾನವು ಕೆಲವು ವಿಷಯಗಳನ್ನು ಎಣಿಕೆಯ ಆಚೆಗೆ ಇಟ್ಟಿದೆ. ತಮ್ಮ ಭಾಷೆ, ಲಿಪಿ, ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಹಕ್ಕು 29ನೆಯ ಅನುಚ್ಛೇದದಲ್ಲಿದೆ. ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು 30ನೆಯದರಲ್ಲಿದೆ. ರಾಜ್ಯಗಳ ಪುನರ್ವಿಂಗಡಣೆಯ ವರ್ಷವಾದ 1956ರಲ್ಲಿಯೇ, 7ನೆಯ ತಿದ್ದುಪಡಿಯ ಮೂಲಕ, ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕೆಂಬ 350ಎ ಅನುಚ್ಛೇದವೂ ಭಾಷಿಕ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನು ನೇಮಿಸುವ 350ಬಿ ಅನುಚ್ಛೇದವೂ ಸೇರಿದವು. ಎಲ್ಲಿ ಗೆರೆ ಎಳೆದರೂ ಅದರ ಎರಡೂ ಬದಿಗಳಲ್ಲಿ ಅಲ್ಪಸಂಖ್ಯಾತರು ಉಳಿದೇ ಉಳಿಯುವರೆಂಬುದನ್ನು ಅರಿತು ಮಾಡಿದ ಏರ್ಪಾಡಿದು.

ಆದುದರಿಂದ ಕಂದಲಗಾಂವದ ಮಗುವಿಗೆ ಕನ್ನಡದಲ್ಲಿ ಓದುವ ಹಕ್ಕು ಯಾವುದೇ ಆಯೋಗದ ವರದಿಯನ್ನು, ಯಾವುದೇ ಮೊಕದ್ದಮೆಯ ತೀರ್ಪನ್ನು ಕಾಯಬೇಕಾಗಿಲ್ಲ. ಗಡಿ ಸರಿಯಲಿ, ಸರಿಯದಿರಲಿ, ಅದು ಇಂದೇ ಇರುವ ಹಕ್ಕು. ಶಿಕ್ಷಕರ ಹುದ್ದೆ ಖಾಲಿ ಉಳಿದಾಗ, ಪಠ್ಯಪುಸ್ತಕ ತಡವಾಗಿ ಬಂದಾಗ, ‘ಗಡಿ ತೀರ್ಮಾನವಾಗಲಿ, ಆಮೇಲೆ ನೋಡೋಣ’ ಎನ್ನುವ ಉತ್ತರ ಯಾರ ಬಾಯಿಂದ ಬಂದರೂ ಅದು ಸಂವಿಧಾನಕ್ಕೆ ಒಪ್ಪುವ ಉತ್ತರವಲ್ಲ.

ಊರಿನಲ್ಲಿಯೇ ಇರುವ ಜನಮತ

ಜನರನ್ನು ನೇರವಾಗಿ ಕೇಳುವ ಪದ್ಧತಿ ದೂರದ ದೇಶಗಳಲ್ಲಿ ಮಾತ್ರ ಇದೆ ಎಂದು ಮಕ್ಕಳು ತಿಳಿಯಬಾರದು. ಮಹಾರಾಷ್ಟ್ರದ ಹಳ್ಳಿಗಳಲ್ಲಿಯೇ ಅದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಸರಾಯಿ ಅಂಗಡಿಯನ್ನು ಮುಚ್ಚಿಸಲು ಮತದಾರರಲ್ಲಿ, ಅಥವಾ ಮಹಿಳಾ ಮತದಾರರಲ್ಲಿ, ಶೇಕಡ 25ರಷ್ಟು ಮಂದಿ ಸಹಿ ಮಾಡಿ ಕೇಳಿದರೆ ಗುಪ್ತ ಮತದಾನ ನಡೆಸಬೇಕೆಂದು 2008ರ ಸರ್ಕಾರಿ ಆದೇಶ ಹೇಳುತ್ತದೆ. ಮತಪತ್ರಿಕೆಯ ಮೇಲೆ ಎರಡು ಚಿತ್ರಗಳು: ‘ಉಭೀ ಬಾಟಲಿ’ ಎಂದರೆ ಅಂಗಡಿ ಇರಲಿ, ‘ಆಡವೀ ಬಾಟಲಿ’ ಎಂದರೆ ಮುಚ್ಚಲಿ. ಅಕ್ಷರ ಬಾರದ ಅಜ್ಜಿಗೂ ಅರ್ಥವಾಗುವ ಪ್ರಶ್ನೆ. ಬಂದವರ ಮತಗಳಲ್ಲಿ ಹೆಚ್ಚಾದರೆ ಸಾಲದು, ಪಟ್ಟಿಯಲ್ಲಿರುವ ಒಟ್ಟು ಮತದಾರರ ಅರ್ಧಕ್ಕಿಂತ ಹೆಚ್ಚು ಮತ ಬೀಳಬೇಕೆಂಬ ನಿಯಮದಿಂದಾಗಿ, ಮನೆಯಲ್ಲಿಯೇ ಉಳಿದವರ ಮೌನವೂ ಅಂಗಡಿಯ ಪರವಾಗಿ ಎಣಿಕೆಯಾಗುತ್ತದೆ. ಎಣಿಸುವ ವಿಧಾನವೇ ಫಲಿತಾಂಶವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಒಡಿಶಾದ ನಿಯಮಗಿರಿಯದು ಇನ್ನೊಂದು ಬಗೆ. ಬೆಟ್ಟದಲ್ಲಿ ಬಾಕ್ಸೈಟ್ ಗಣಿ ತೆಗೆಯುವ ವಿಚಾರವನ್ನು ಗ್ರಾಮಸಭೆಗಳು ಪರಿಶೀಲಿಸಲೆಂದು 2013ರ ಏಪ್ರಿಲ್ 18ರಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. 12 ಹಳ್ಳಿಗಳ ಗ್ರಾಮಸಭೆಗಳು ಸೇರಿದವು, ಹನ್ನೆರಡೂ ಬೇಡವೆಂದವು. ಗಣಿಗೆ ಅನುಮತಿ ದೊರೆಯಲಿಲ್ಲ. ಪ್ರಶ್ನೆ ಆ ಹಳ್ಳಿಗಳ ಬೆಟ್ಟ, ನೀರು, ದೇವರ ಬಗ್ಗೆ ಇತ್ತು; ಕೇಳಿದ್ದೂ ಆ ಹಳ್ಳಿಗಳನ್ನೇ; ಉತ್ತರಕ್ಕೆ ಕಾನೂನಿನ ಬಲವೂ ಇತ್ತು. ಈ ಮೂರು ಕೂಡಿದಲ್ಲಿ ಸಣ್ಣ ಸಭೆಯ ಮಾತಿಗೂ ದೊಡ್ಡ ತೂಕ ಬರುತ್ತದೆ.

ತರಗತಿಯಲ್ಲಿ

ಈ ವಿಷಯವನ್ನು ಕಲಿಸುವಾಗ ಗಡಿಯ ಪ್ರಶ್ನೆಯನ್ನೇ ಅಣಕು ಮತದಾನಕ್ಕೆ ಇಡುವುದು ತಕ್ಕದ್ದಲ್ಲ. ಒಂದೇ ಬೆಂಚಿನ ಮೇಲೆ ಕನ್ನಡ ಮನೆಯ ಮಗು, ಮರಾಠಿ ಮನೆಯ ಮಗು, ಉರ್ದು ಅಥವಾ ತೆಲುಗು ಮನೆಯ ಮಗು ಕೂಡಿರುತ್ತಾರೆ. ತರಗತಿಯ ಮತ ಎಷ್ಟೇ ಗುಪ್ತವೆಂದರೂ ಬಿಡುವಿನ ವೇಳೆಗೆ ಬಯಲಾಗುತ್ತದೆ. ಸಂಜೆಗೆ ಮನೆಮನೆಗೆ ಮುಟ್ಟುತ್ತದೆ.

ಬದಲಾಗಿ ಶಾಲೆಯ ವೇಳೆಯ ಪ್ರಶ್ನೆಯನ್ನು ತೆಗೆದುಕೊಳ್ಳಬಹುದು. ತರಗತಿಯನ್ನು ಮೂರು ಗುಂಪು ಮಾಡಿ ಮೂರು ಚೀಟಿಗಳನ್ನು ಕೊಡಬೇಕು. ‘ಬೇಸಿಗೆಯಲ್ಲಿ ಶಾಲೆ ಬೆಳಿಗ್ಗೆ 7 ಗಂಟೆಗೆ ಆರಂಭವಾಗಬೇಕೇ?’ ಎಂದು ಒಂದು. ‘ಸುಡುಬಿಸಿಲಿನಿಂದ ಮಕ್ಕಳನ್ನು ಕಾಪಾಡಲು ಶಾಲೆ 7 ಗಂಟೆಗೆ ಆರಂಭವಾಗಬೇಕೇ?’ ಎಂದು ಇನ್ನೊಂದು. ‘ಹೊಲದ ವಸ್ತಿಗಳ ಮಕ್ಕಳು ಕತ್ತಲಲ್ಲಿಯೇ ಎದ್ದು ನಡೆದುಬರಬೇಕಾದರೂ ಶಾಲೆ 7 ಗಂಟೆಗೆ ಆರಂಭವಾಗಬೇಕೇ?’ ಎಂದು ಮತ್ತೊಂದು. ಫಲಿತಾಂಶಗಳನ್ನು ಹಲಗೆಯ ಮೇಲೆ ಬರೆದರೆ ಪ್ರಶ್ನೆಯ ಮಾತುಗಳ ಬಲ ಮಕ್ಕಳಿಗೇ ಕಾಣುತ್ತದೆ. ಅನಂತರ ಅದೇ ಮತಗಳನ್ನು ಊರಿನ ಮಕ್ಕಳು, ವಸ್ತಿಯ ಮಕ್ಕಳು ಎಂದು ಬೇರೆ ಬೇರೆ ಎಣಿಸಬೇಕು. ಘಟಕ ಬದಲಾದಾಗ ಗೆಲುವು ಬದಲಾಗಬಹುದೆಂಬುದು ತಿಳಿಯುತ್ತದೆ. ಕೊನೆಗೆ, ಸೋತ ಮಕ್ಕಳಿಗೆ ಏನು ಅನುಕೂಲ ಮಾಡಿಕೊಡಬೇಕೆಂದು ಗೆದ್ದ ಮಕ್ಕಳಿಂದಲೇ ಎರಡು ವಾಕ್ಯ ಬರೆಸಬೇಕು. ನಾಲ್ಕು ಪ್ರಶ್ನೆಗಳಲ್ಲಿ ಕೊನೆಯದು ಈ ಬರವಣಿಗೆಯಲ್ಲಿ ಬರುತ್ತದೆ. ಬಹಳಷ್ಟು ಸರ್ಕಾರಗಳು ಮರೆತದ್ದೂ ಅದನ್ನೇ.

ಹಿರಿಯ ತರಗತಿಗಳಲ್ಲಿ ಗೋವೆಯ ಅಂಕಿಗಳನ್ನೂ ಕಾರಿಂಥಿಯಾದ ಅಂಕಿಗಳನ್ನೂ ಕೊಟ್ಟು, ಮತಪತ್ರಿಕೆಯಲ್ಲಿ ಇನ್ನಾವ ಆಯ್ಕೆ ಇರಬಹುದಿತ್ತು, ಸೋತವರಿಗೆ ಯಾವ ಭರವಸೆ ಬೇಕಿತ್ತು ಎಂದು ಚರ್ಚೆಗೆ ಇಡಬಹುದು. ಗ್ರಾಮಸಭೆಯ ದಿನ ಮಕ್ಕಳನ್ನು ನೋಡುಗರಾಗಿ ಕರೆದೊಯ್ದು, ಯಾವ ಠರಾವು ಹೇಗೆ ಬರೆಯಲ್ಪಟ್ಟಿತು, ಎಷ್ಟು ಮಂದಿ ಹೆಂಗಸರು ಮಾತನಾಡಿದರು ಎಂಬುದನ್ನು ಟಿಪ್ಪಣಿ ಮಾಡಿಸಬಹುದು.

ಇಷ್ಟಾದ ಮೇಲೆ ‘ಊರಿನವರನ್ನು ಏಕೆ ಕೇಳಲಿಲ್ಲ?’ ಎಂಬ ಮಗುವಿಗೆ ಪ್ರಾಮಾಣಿಕವಾದ ಉತ್ತರವನ್ನು ಕೊಡಬಹುದು. ಕೇಳಲಿಲ್ಲ ಎಂಬುದು ನಿಜ. ಕೇಳಬೇಕೆಂಬ ನಿಯಮ ಸಂವಿಧಾನದಲ್ಲಿ ಇರಲಿಲ್ಲ. ಗಡಿಯ ವಿಷಯವನ್ನು ಅದು ಸಂಸತ್ತಿಗೆ ಒಪ್ಪಿಸಿದೆ. ಕೇಳಿದ ಕಡೆಗಳಲ್ಲಿ ಎಲ್ಲವೂ ಸರಿಹೋಗಲಿಲ್ಲ. ಕೇಳದ ಕಡೆಗಳಲ್ಲಿ ಅಸಮಾಧಾನ ಆರಿಹೋಗಲಿಲ್ಲ. ಆದರೆ ಗಡಿಯ ಪ್ರಶ್ನೆಗೆ ಊರಿನ ಕೈಯಲ್ಲಿ ಮತವಿಲ್ಲದಿದ್ದರೂ, ಕನ್ನಡ ಶಾಲೆಯ ಬಾಗಿಲು ತೆರೆದಿರಬೇಕೆಂದು ಕೇಳುವ ಹಕ್ಕು ಊರಿನ ಪ್ರತಿಯೊಂದು ಮನೆಗೂ ಇದೆ. ಆ ಹಕ್ಕಿಗೆ ಬಹುಮತ ಬೇಕಿಲ್ಲ. ಮನವಿಯನ್ನು ಸರಿಯಾಗಿ ಬರೆಯಲು ಬರಬೇಕು, ಅನುಚ್ಛೇದದ ಸಂಖ್ಯೆ ಗೊತ್ತಿರಬೇಕು, ಶಾಲೆಯ ಹಾಜರಿ ಪಟ್ಟಿಯಲ್ಲಿ ಮಕ್ಕಳ ಹೆಸರುಗಳಿರಬೇಕು. ಈ ಮೂರನ್ನೂ ಊರಿಗೆ ಒದಗಿಸಬಲ್ಲವರು ಶಿಕ್ಷಕರು.